ಅನ್ನನಾಳ ತೆಗೆಯುವ ಆಪರೇಷನ್: ಮೂರು ದವಾಖಾನೆ, ಮೂರು ಸಲಹೆ. ಯಾವುದು ಯಾರಿಗೆ?

ಮುಧೋಳ_ಕ್ಲಿನಿಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸರ್ಜರಿ, ಅನಸ್ತೇಸಿಯಾ ಕಡೆಯವರಿಂದ ವಿವರ ಬೇಕಿತ್ತು. ಪೇಶಂಟ್ 56ರ ಗಂಡಸು, ಬಹಳ ವರ್ಷ ತಂಬಾಕು-ಸುಣ್ಣ ತಿಂದವರು. ಎಂಡೋಸ್ಕೋಪಿಯಲ್ಲಿ ಮೇಲಿನ ಮುಂಬಲ್ಲಿನಿಂದ ಅಳೆದು 27ರಿಂದ 32 ಸೆಂ.ಮೀ. ನಡುವೆ ಗೆಡ್ಡೆ, ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ (ಅನ್ನನಾಳದ ಒಳಪದರದ ಕ್ಯಾನ್ಸರ್). ಪೆಟ್-ಸಿಟಿಯಲ್ಲಿ ದೂರ ಎಲ್ಲೂ ಹರಡಿಲ್ಲ, ಕರೈನಾ (ಶ್ವಾಸನಾಳ ಕವಲಾಗುವ ಜಾಗ) ಕೆಳಗಿನ ಒಂದು ದುಗ್ಧಗ್ರಂಥಿ ಮಾತ್ರ ಹೊಳೆದಿತ್ತು. ಪ್ಯಾಕ್ಲಿಟ್ಯಾಕ್ಸೆಲ್-ಕಾರ್ಬೋಪ್ಲಾಟಿನ್ ಐದು ವಾರ, ಜೊತೆಗೆ 23 ಸಿಟ್ಟಿಂಗ್‌ಗಳಲ್ಲಿ 41.4 ಗ್ರೇ ರೇಡಿಯೇಶನ್. ಅದು ಮುಗಿದು ಈಗ ನಾಲ್ಕು ವಾರ. ಎಫ್‌ಇವಿ1 1.7 ಲೀಟರ್ (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ). ತೂಕ 57ರಿಂದ 49 ಕೆಜಿಗೆ ಇಳಿದಿದೆ.

ಒಂದು ಕಡೆ ಎದೆ, ಹೊಟ್ಟೆ, ಕುತ್ತಿಗೆ ಮೂರೂ ಕಡೆ ತೆರೆದು ಮಾಡೋಣ ಅಂದಿದ್ದಾರೆ. ಇನ್ನೊಂದು ಕಡೆ ದುರ್ಬೀನಿನಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು) ಐವರ್ ಲೂಯಿಸ್ ಪದ್ಧತಿ. ಮೂರನೆಯವರು ಶ್ವಾಸಕೋಶ ಮೆತ್ತಗಿದೆ, ಎದೆ ಮುಟ್ಟದೆ ಟ್ರಾನ್ಸ್‌ಹಯಾಟಲ್ ಮಾಡುತ್ತೇವೆ ಅಂತಾರೆ. ಮನೆಯವರು ನನಗೆ ಕೇಳುವುದು ಒಂದೇ: "ಸಣ್ಣ ಗಾಯ ಯಾವುದರಾಗ ಆಗ್ತದರಿ?" ಉತ್ತರ ಹೇಳುವ ಮೊದಲು ನನಗೇ ಸರಿಯಾಗಿ ತಿಳಿಯಬೇಕು.

ಘಟಪ್ರಭಾ_ಆಂಕೋಸರ್ಜನ್ (ಬೆಳಗಾವಿ)

ಡಾಕ್ಟರೇ, ಗಾಯದ ಅಳತೆ ಕಡೆಗೆ ಕೇಳುವ ಪ್ರಶ್ನೆ. ಮೊದಲು ಕೇಳಬೇಕಾದ್ದು ಉಳಿದ ಅನ್ನನಾಳಕ್ಕೆ ಜಠರದ ಜೋಡಣೆ ಎಲ್ಲಿ ಬರುತ್ತದೆ, ಎದೆಯೊಳಗೋ ಕುತ್ತಿಗೆಯಲ್ಲೋ. ಆಮೇಲೆ, ಎದೆಯ ಗ್ರಂಥಿಗಳನ್ನು ಕಣ್ಣಾರೆ ನೋಡಿ ಬಿಡಿಸುತ್ತಾರೋ ಇಲ್ಲವೋ. ತೆರೆದು ಮಾಡುವುದೋ ದುರ್ಬೀನಿನಲ್ಲೋ ಎಂಬುದು ಇವೆರಡೂ ತೀರ್ಮಾನವಾದ ಮೇಲಿನ ಮಾತು. ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ಈ ಮೂರೂ ಕಲಸಿಹೋಗಿವೆ.

ಐವರ್ ಲೂಯಿಸ್ ಪದ್ಧತಿ 1946ರದ್ದು. ಮೊದಲು ಹೊಟ್ಟೆಯಲ್ಲಿ ಜಠರವನ್ನು ಬಿಡಿಸಿ ಕೊಳವೆ ಮಾಡಿಕೊಳ್ಳುವುದು, ನಂತರ ಬಲ ಎದೆಯಿಂದ ಅನ್ನನಾಳ ತೆಗೆದು, ಅಜೈಗಸ್ ಸಿರೆಯ (ಬಲ ಎದೆಯ ಹಿಂಭಾಗದ ದೊಡ್ಡ ಸಿರೆ) ಮಟ್ಟದಲ್ಲಿ ಅಥವಾ ತುಸು ಮೇಲೆ ಜೋಡಿಸುವುದು. ಮೆಕ್ಯೂನ್ 1976ರಲ್ಲಿ ಹೇಳಿದ್ದು ಎದೆ, ಹೊಟ್ಟೆ, ಕುತ್ತಿಗೆ ಮೂರೂ ಕಡೆಯದು: ಈಗ ಸಾಮಾನ್ಯವಾಗಿ ಎದೆ ಮೊದಲು, ಆಮೇಲೆ ಹೊಟ್ಟೆ, ಕೊನೆಗೆ ಕುತ್ತಿಗೆಯಲ್ಲಿ ಜೋಡಣೆ. ಕುತ್ತಿಗೆಯಲ್ಲಿ ಅನ್ನನಾಳ ತುಸು ಎಡಕ್ಕೆ ವಾಲಿರುವುದರಿಂದ ಸಾಮಾನ್ಯವಾಗಿ ಎಡಗಡೆ ಕೊಯ್ಯುತ್ತಾರೆ. ಟ್ರಾನ್ಸ್‌ಹಯಾಟಲ್ ಅನ್ನು 1978ರಿಂದ ಬಳಕೆಗೆ ತಂದವರು ಆರಿಂಜರ್. ಹೊಟ್ಟೆಯಿಂದ ಮೇಲಕ್ಕೆ, ಕುತ್ತಿಗೆಯಿಂದ ಕೆಳಕ್ಕೆ ಕೈಬೆರಳಿನಿಂದ ಬಿಡಿಸುತ್ತಾ ಬರುತ್ತಾರೆ. ನಡುವಿನ ಭಾಗ ಕಣ್ಣಿಗೆ ಬೀಳುವುದಿಲ್ಲ.

ಈಗ ನಿಮ್ಮ ಪೇಶಂಟ್ ಲೆಕ್ಕ. ಕರೈನಾ ಸುಮಾರು 25 ಸೆಂ.ಮೀ. ಹತ್ತಿರ ಇರುತ್ತದೆ, ಗೆಡ್ಡೆಯ ಮೇಲಂಚು 27. ಅಂದರೆ ಗೆಡ್ಡೆ ಶ್ವಾಸನಾಳ ಕವಲಾಗುವ ಜಾಗದ ಬೆನ್ನಿಗೇ ಇದೆ. ಐವರ್ ಲೂಯಿಸ್ ಮಾಡಿದರೆ ಜೋಡಣೆ 22-23ರ ಹತ್ತಿರ ಬರುತ್ತದೆ. ಈ ಕೀಮೋ-ರೇಡಿಯೇಶನ್ ಕ್ರಮದಲ್ಲಿ ಗೆಡ್ಡೆಯಿಂದ ಮೇಲಕ್ಕೂ ಕೆಳಕ್ಕೂ ಸುಮಾರು 4 ಸೆಂ.ಮೀ. ಸೇರಿಸಿ ರೇಡಿಯೇಶನ್ ಕೊಡುತ್ತಾರೆ, ಅಂದರೆ 23ರ ತನಕ. ಜೋಡಣೆ ಸುಟ್ಟ ಊತಕದ ಅಂಚಿಗೇ ಬಂದು ಕೂರುತ್ತದೆ. ಕುತ್ತಿಗೆಗೆ ಒಯ್ದರೆ ಆ ವಲಯದಿಂದ ಹೊರಗೆ ಬರುತ್ತದೆ, ಮೇಲಂಚಿನ ಅಂತರವೂ ಆರಾಮಾಗಿ ಸಿಗುತ್ತದೆ. ಜೊತೆಗೆ ಸ್ಕ್ವಾಮಸ್ ಗೆಡ್ಡೆ ಧ್ವನಿನರದ ಬದಿಯ ಗ್ರಂಥಿಗಳಿಗೆ, ಎದೆಯ ತೀರ ಮೇಲಿನ ಭಾಗದವರೆಗೆ, ಸುಲಭವಾಗಿ ಏರುತ್ತದೆ. ಅಲ್ಲಿಯವರೆಗೆ ಬಿಡಿಸದೆ ಬಂದರೆ ಆಪರೇಷನ್ ಅರ್ಧವಾದಂತೆ. ಹಾಗಾಗಿ ಈ ಕೇಸಿಗೆ ನನ್ನ ಒಲವು ಮೆಕ್ಯೂನ್. ಗೆಡ್ಡೆ 35ರಲ್ಲಿ ಇದ್ದಿದ್ದರೆ ಐವರ್ ಲೂಯಿಸ್ ಅನ್ನುತ್ತಿದ್ದೆ.

ಟೇಬಲ್ ಮೇಲೆ ಹಾಕುವ ಮೊದಲು ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಆಗಿದೆಯೇ ಕೇಳಿ. ಕರೈನಾ ಹತ್ತಿರದ ಗೆಡ್ಡೆಗೆ ಅದು ಬಿಡುವ ಹಾಗಿಲ್ಲ. ಶ್ವಾಸನಾಳದ ಗೋಡೆಗೆ ಗೆಡ್ಡೆ ಹೊಕ್ಕಿದ್ದರೆ ಆಪರೇಷನ್ ಮಾತೇ ಮುಗಿಯಿತು.

ಇನ್ನು ಲೀಕ್, ಅಂದರೆ ಜೋಡಣೆ ಸೋರುವುದು. ಇದರ ಮೂಲ ಹೊಲಿಗೆಗಿಂತ ಹೆಚ್ಚಾಗಿ ರಕ್ತಸಂಚಾರದಲ್ಲಿದೆ. ಜಠರವನ್ನು ಕೊಳವೆ ಮಾಡುವಾಗ ಎಡ ಗ್ಯಾಸ್ಟ್ರಿಕ್, ಸಣ್ಣ ಗ್ಯಾಸ್ಟ್ರಿಕ್ ರಕ್ತನಾಳ, ಎಡ ಗ್ಯಾಸ್ಟ್ರೋಎಪಿಪ್ಲೋಯಿಕ್ ಎಲ್ಲ ಹೋಗುತ್ತವೆ. ಉಳಿಯುವುದು ಮುಖ್ಯವಾಗಿ ಬಲ ಗ್ಯಾಸ್ಟ್ರೋಎಪಿಪ್ಲೋಯಿಕ್ ಒಂದೇ. ಅದು ಕೊಳವೆಯ ತುದಿಯವರೆಗೆ ಹೋಗುವುದಿಲ್ಲ. ಮೇಲಿನ ಐದನೇ ಒಂದು ಭಾಗಕ್ಕೆ ಗೋಡೆಯೊಳಗಿನ ಸಣ್ಣ ಜಾಲದಿಂದಷ್ಟೇ ರಕ್ತ. ಕಾಲುವೆಯ ಟೇಲ್ ಎಂಡ್ ಹೊಲಕ್ಕೆ ನೀರು ಮುಟ್ಟಿದಂಗೆ. ಕುತ್ತಿಗೆಯ ಜೋಡಣೆ ಆ ತುದಿಯಲ್ಲೇ ಬೀಳುತ್ತದೆ, ಎದೆಯ ಜೋಡಣೆಯಲ್ಲಿ ತುದಿಯನ್ನು ಕತ್ತರಿಸಿ ಬಿಸಾಡಬಹುದು. ಕುತ್ತಿಗೆಯಲ್ಲಿ ಲೀಕ್ ಹೆಚ್ಚಾಗಲು ಕಾರಣ ಇದೇ.

ಕೊಳವೆಯ ಅಗಲ 4-5 ಸೆಂ.ಮೀ. ಇರಬೇಕು. ತೀರ ಸಣ್ಣ ಮಾಡಿದರೆ ತುದಿ ಕಪ್ಪಾಗುತ್ತದೆ, ಅಗಲ ಬಿಟ್ಟರೆ ಎದೆಯಲ್ಲಿ ಜೋತುಬಿದ್ದು ಖಾಲಿಯಾಗುವುದಿಲ್ಲ. ಮೇಲಕ್ಕೆ ಎಳೆಯುವಾಗ ತಿರುಚಬಾರದು, ಸ್ಟೇಪ್ಲರ್ ಗೆರೆ ಪೇಶಂಟಿನ ಬಲಕ್ಕೇ ಇರಬೇಕು. ಇಂಡೋಸಯನಿನ್ ಗ್ರೀನ್ ಎಂಬ ಬಣ್ಣದ ಮದ್ದು ಹಾಕಿ ರಕ್ತ ಎಲ್ಲಿಯವರೆಗೆ ಮುಟ್ಟಿದೆ ನೋಡಿ ಜೋಡಿಸುವ ಸೌಲಭ್ಯ ಇದ್ದರೆ ಒಳ್ಳೆಯದು.

"ಕುತ್ತಿಗೆಯಲ್ಲಿ ಲೀಕ್ ಆದರೇನು, ಎರಡು ಹೊಲಿಗೆ ಬಿಚ್ಚಿದರೆ ಹೊರಗೆ ಬರುತ್ತದೆ" ಎಂಬ ಹಳೆಯ ಸಮಾಧಾನವನ್ನು ಪೂರ್ತಿ ನಂಬಬೇಡಿ. 2021ರಲ್ಲಿ ಬಂದ ಡಚ್ ಐಕ್ಯಾನ್ ಟ್ರಯಲ್‌ನಲ್ಲಿ, ದುರ್ಬೀನಿನಲ್ಲೇ ಆದ ಆಪರೇಷನ್‌ಗಳಲ್ಲಿ, ಮತ್ತೆ ಏನಾದರೂ ಪ್ರೊಸೀಜರ್ ಬೇಕಾದಂಥ ಲೀಕ್ ಎದೆಯ ಜೋಡಣೆಯಲ್ಲಿ 12.3%, ಕುತ್ತಿಗೆಯಲ್ಲಿ 34.1%. ಧ್ವನಿನರದ ಪಾರ್ಶ್ವವಾಯು 0% ಮತ್ತು 7.3%. ಕುತ್ತಿಗೆಯ ಲೀಕ್ ಎಷ್ಟೋ ಸಲ ಕೆಳಗೆ ಎದೆಗೇ ಇಳಿಯುತ್ತದೆ. ಆದರೆ ಆ ಟ್ರಯಲ್‌ನಲ್ಲಿ ಎರಡೂ ಬಗೆಯ ಜೋಡಣೆ ಸಾಧ್ಯವಿರುವ ಗೆಡ್ಡೆಗಳನ್ನಷ್ಟೇ ತೆಗೆದುಕೊಂಡಿದ್ದರು. ನಿಮ್ಮ ಕೇಸಿನಲ್ಲಿ ಆ ಆಯ್ಕೆ ಇಕ್ಕಟ್ಟಿನದು, ಮೆಕ್ಯೂನ್ ಅನ್ನುವಾಗ ಲೀಕ್‌ನ ಆ ಬೆಲೆ ಗೊತ್ತಿದ್ದೇ ಅನ್ನಬೇಕು.

ಗೋಳಗುಮ್ಮಟ_ಅನಸ್ತೇಸಿಯಾ (ವಿಜಯಪುರ)

ಮೇಲಿನ ಸರ್ ದುರ್ಬೀನನ್ನು ಕೊನೆಗೆ ತಳ್ಳಿಬಿಟ್ಟರು. ನಮ್ಮ ಕಡೆಯಿಂದ ನೋಡಿದರೆ ಅದು ಅಷ್ಟು ಕೊನೆಯದಲ್ಲ. ಈ ಆಪರೇಷನ್ ಆದಮೇಲೆ ಮಂದಿ ಹೆಚ್ಚು ತ್ರಾಸು ಪಡುವುದು ನ್ಯುಮೋನಿಯಾದಿಂದ. ಬಲ ಪಕ್ಕೆ ಅಗಲಿಸಿ ಹಿಡಿದ ಎದೆಯಲ್ಲಿ ನೋವಿಗೆ ಕೆಮ್ಮಲು ಆಗುವುದಿಲ್ಲ, ಕಫ ನಿಲ್ಲುತ್ತದೆ, ಮೂರನೇ ದಿನಕ್ಕೆ ಬುಡದ ಭಾಗ ಕುಸಿಯುತ್ತದೆ. 2012ರ ಟೈಮ್ ಟ್ರಯಲ್ 115 ಮಂದಿಯ ಸಣ್ಣ ಟ್ರಯಲ್, ಆದರೂ ಮೊದಲ ಎರಡು ವಾರದ ಶ್ವಾಸಕೋಶದ ಸೋಂಕು ತೆರೆದದ್ದರಲ್ಲಿ 29%, ದುರ್ಬೀನಿನಲ್ಲಿ 9%. ಫ್ರಾನ್ಸಿನ ಮಿರೋ ಟ್ರಯಲ್‌ನಲ್ಲಿ (2019, 207 ಮಂದಿ) ಎದೆಯನ್ನು ತೆರೆದೇ ಇಟ್ಟು, ಹೊಟ್ಟೆಯ ಭಾಗವನ್ನಷ್ಟೇ ಲ್ಯಾಪರೋಸ್ಕೋಪಿಯಲ್ಲಿ ಮಾಡಿದ್ದಕ್ಕೇ ದೊಡ್ಡ ತೊಡಕುಗಳು 64ರಿಂದ 36%ಕ್ಕೆ ಇಳಿದವು. ಎದೆಯ ದುರ್ಬೀನು ಕೈಗೆ ಒಗ್ಗದ ತಂಡ ಕನಿಷ್ಠ ಇಷ್ಟಾದರೂ ಮಾಡಬಹುದಲ್ಲ.

ಎಫ್‌ಇವಿ1 1.7 ಲೀಟರ್ ಅಂದರೆ ಎದೆ ಮುಟ್ಟಲೇಬಾರದು ಅನ್ನುವ ಮಟ್ಟವೇನಲ್ಲ. ಮೆಟ್ಟಿಲು ಹತ್ತಿಸಿ ನೋಡಿ, ಆರು ನಿಮಿಷ ನಡೆಸಿ ಆಕ್ಸಿಜನ್ ಎಷ್ಟು ಇಳಿಯುತ್ತದೆ ನೋಡಿ. ಸುಮ್ಮನೆ ಕುಳಿತು ಊದಿದ ಅಂಕಿಗಿಂತ ಅದು ಹೆಚ್ಚು ಹೇಳುತ್ತದೆ.

ಥಿಯೇಟರಿನಲ್ಲಿ ಏನು ಬದಲಾಗುತ್ತದೆ? ಎಡಕ್ಕೆ ಮಲಗಿಸಿ ಮಾಡಿದರೆ ಡಬಲ್ ಲ್ಯೂಮೆನ್ ಟ್ಯೂಬ್ (ಎರಡು ಶ್ವಾಸಕೋಶಕ್ಕೂ ಬೇರೆ ಬೇರೆ ದಾರಿ ಇರುವ ನಳಿಗೆ) ಹಾಕಿ ಬಲ ಶ್ವಾಸಕೋಶ ಕುಗ್ಗಿಸಬೇಕು. ಒಂದೇ ಶ್ವಾಸಕೋಶ ನಡೆಯುವಾಗ ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡುವ ಗಾಳಿ) ಕೆಜಿಗೆ 5 ಮಿ.ಲೀ. ಸುತ್ತ, ಪೀಪ್ (ಉಸಿರು ಬಿಟ್ಟ ಕೊನೆಗೆ ಉಳಿಸುವ ಒತ್ತಡ) 5. ಬೋರಲು ಮಲಗಿಸಿ ಮಾಡುವವರು ಸಾದಾ ಟ್ಯೂಬಿನಲ್ಲೇ, 6-8 ಒತ್ತಡದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕೆಲಸ ಮುಗಿಸುತ್ತಾರೆ. ಶ್ವಾಸಕೋಶ ತಾನೇ ಕೆಳಗೆ ಬೀಳುತ್ತದೆ, ರಕ್ತ ಬದಿಗೆ ಹರಿಯುತ್ತದೆ. ಆದರೆ ದೊಡ್ಡ ರಕ್ತಸ್ರಾವ ಆದರೆ ತಕ್ಷಣ ಎದೆ ತೆರೆಯುವುದು ಆ ಭಂಗಿಯಲ್ಲಿ ಕಷ್ಟ, ಅದಕ್ಕೇ ಹಲವರು ಅರೆ-ಬೋರಲು ಭಂಗಿ ಇಡುತ್ತಾರೆ. ಗೆಡ್ಡೆಯ ಮೇಲೆ ಅನ್ನ-ನೀರು ನಿಂತಿರುತ್ತದೆ, ಹೊಟ್ಟೆ ಖಾಲಿ ಇದೆ ಎಂಬ ಭರವಸೆಯಲ್ಲಿ ಇಂಡಕ್ಷನ್ (ಅರಿವಳಿಕೆ ಶುರು) ಮಾಡಬಾರದು. ಸಲೈನ್ ಸುರಿಯಬಾರದು, ಬಿಪಿ ಇಳಿದರೆ ಸಣ್ಣ ಪ್ರಮಾಣದ ನಾರ್‌ಅಡ್ರಿನಲಿನ್ ಮೇಲು. ನೋವಿಗೆ ಎದೆಮಟ್ಟದ ಎಪಿಡ್ಯೂರಲ್ ಅಥವಾ ಪ್ಯಾರಾವರ್ಟಿಬ್ರಲ್ ಬ್ಲಾಕ್ (ಬೆನ್ನಿನಲ್ಲಿ ಕೊಡುವ ಮರಗಟ್ಟಿಸುವ ಮದ್ದು).

ನಂತರದ ವಾರ್ಡಿಗೆ ಎರಡು ಮಾತು. ಮೂಗಿನ ನಳಿಗೆ ಅಕಸ್ಮಾತ್ ಜಾರಿದರೆ ಡ್ಯೂಟಿ ಡಾಕ್ಟರ್ ಕುರುಡಾಗಿ ಮತ್ತೆ ತಳ್ಳಬಾರದು, ಜೋಡಣೆ ಸೀಳುತ್ತದೆ. ಎರಡನೆಯದು, ಹೃದಯಬಡಿತ ಇದ್ದಕ್ಕಿದ್ದಂತೆ ಏರಿ ಏಟ್ರಿಯಲ್ ಫಿಬ್ರಿಲೇಶನ್ (ತಾಳ ತಪ್ಪಿದ ಬಡಿತ) ಶುರುವಾದರೆ ಬಡಿತ ಹಿಡಿತಕ್ಕೆ ತರುವ ಅಮಿಯೋಡರೋನ್ ಹಾಕಿ ಕೈತೊಳೆದುಕೊಳ್ಳಬಾರದು. ಲೀಕ್‌ನ ಮೊದಲ ಸುಳಿವು ಎಷ್ಟೋ ಸಲ ಅದೇ. ಜ್ವರ ಆಮೇಲೆ ಬರುತ್ತದೆ.

ಈಗ ಇರುವ ವಾರಗಳಲ್ಲಿ ತಂಬಾಕು ಪೂರ್ತಿ ಬಂದ್, ಹಲ್ಲು-ಬಾಯಿ ಸ್ವಚ್ಛ, ಸ್ಪೈರೋಮೀಟರ್ ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ.

ಜಮಖಂಡಿ_ಎಂಎಸ್

ಎಲ್ಲಾರೂ ಟ್ರಾನ್ಸ್‌ಹಯಾಟಲ್ ಕೈಬಿಟ್ರಲ್ರೀ. 49 ಕೆಜಿ ಮನುಷ್ಯ, ತಂಬಾಕಿನ ಎದಿ. 2002ರ ಡಚ್ ಟ್ರಯಲ್ ನೋಡ್ರಿ: 220 ಮಂದಿ, ಶ್ವಾಸಕೋಶದ ತೊಡಕು ಟ್ರಾನ್ಸ್‌ಹಯಾಟಲ್‌ನಾಗ 27%, ಎದಿ ತೆರೆದವರಾಗ 57%. ಐದು ವರ್ಷದ ಉಳಿವು 34 ಮತ್ತ 36%, ಅಂದ್ರ ಫರಕೇ ಇಲ್ಲ. ಆಪರೇಷನ್ ವೇಳೆನೂ ಕಡಿಮಿ. ಸಣ್ಣ ಊರಿನ ಐಸಿಯುಗೆ ಯಾವುದು ತಡೀತದ ಅನ್ನೋದೂ ಲೆಕ್ಕಕ್ಕ ಹಿಡೀಬೇಕಲ್ಲ?

ಘಟಪ್ರಭಾ_ಆಂಕೋಸರ್ಜನ್ (ಬೆಳಗಾವಿ)

ಸರ್, ಅಂಕಿ ನೀವು ಸರಿಯಾಗೇ ಕೊಟ್ಟಿದ್ದೀರಿ. ಆದರೆ ಆ 220 ಮಂದಿಯದು ಅಡೆನೋಕಾರ್ಸಿನೋಮಾ (ಸ್ಕ್ವಾಮಸ್ ಅಲ್ಲದ ಇನ್ನೊಂದು ಬಗೆಯ ಕ್ಯಾನ್ಸರ್), ಗೆಡ್ಡೆ ನಡುವಿನಿಂದ ಕೆಳಗೆ ಮತ್ತು ಜಠರದ ಬಾಯಿಯಲ್ಲಿ. ಮೊದಲೇ ರೇಡಿಯೇಶನ್ ಕೊಡುವ ಕ್ರಮ ಬರುವ ಮುಂಚಿನ ಕಾಲದ ಟ್ರಯಲ್. ಈ ಕೇಸಿನಲ್ಲಿ ಗೆಡ್ಡೆ ಕರೈನಾದ ಹಿಂದೆ, ಸುತ್ತ ರೇಡಿಯೇಶನ್‌ನಿಂದ ಗಟ್ಟಿಯಾದ ಊತಕ. ಅಲ್ಲಿ ಬೆರಳಿನಿಂದ ಬಿಡಿಸಲು ಹೋದರೆ ಎರಡು ಅಪಾಯ: ಅಜೈಗಸ್ ಸಿರೆ ಹರಿಯುವುದು, ಶ್ವಾಸನಾಳದ ಹಿಂಬದಿಯ ತೆಳು ಪೊರೆ ಸೀಳುವುದು. ಎರಡಕ್ಕೂ ಕೊನೆಗೆ ಬಲ ಎದೆ ತೆರೆಯಲೇಬೇಕು, ಅದೂ ಗಡಿಬಿಡಿಯಲ್ಲಿ. ಕರೈನಾ ಕೆಳಗಿನ ಗ್ರಂಥಿ ಪೆಟ್‌ನಲ್ಲಿ ಹೊಳೆದಿತ್ತು ಅನ್ನುವುದನ್ನೂ ಮರೆಯಬಾರದು, ಟ್ರಾನ್ಸ್‌ಹಯಾಟಲ್‌ನಲ್ಲಿ ಅದನ್ನು ಸರಿಯಾಗಿ ತೆಗೆಯಲು ಆಗುವುದಿಲ್ಲ. ಕೆಳತುದಿಯ ಗೆಡ್ಡೆ, ಎದೆ ನಿಜಕ್ಕೂ ತಡೆಯದ ಪೇಶಂಟ್ ಇದ್ದರೆ ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ.

ಅನಸ್ತೇಸಿಯಾ ಮೇಡಂ ಹೇಳಿದ ದುರ್ಬೀನಿಗೂ ಒಂದು ಷರತ್ತು ಇದೆ. ದುರ್ಬೀನಿನ ಲಾಭ ಪಳಗಿದ ಕೈಯಲ್ಲಿ ಮಾತ್ರ. ಯುರೋಪಿನ ನಾಲ್ಕು ಕೇಂದ್ರಗಳು ದುರ್ಬೀನಿನ ಐವರ್ ಲೂಯಿಸ್ ಕಲಿತ ಲೆಕ್ಕ 2019ರಲ್ಲಿ ಬಂತು: ಕೈ ಕೂರಲು ಸರಾಸರಿ 119 ಕೇಸು, ಅಷ್ಟರಲ್ಲಿ ಲೀಕ್ 18.8%ರಿಂದ 4.5%ಕ್ಕೆ ಇಳಿಯಿತು. ಆ ನಡುವಿನ ಪೇಶಂಟ್‌ಗಳಲ್ಲಿ ನಿಮ್ಮವರು ಒಬ್ಬರಾಗಬಾರದು. ನೆದರ್‌ಲ್ಯಾಂಡ್ಸಿನಲ್ಲಿ ವರ್ಷಕ್ಕೆ ಕನಿಷ್ಠ 20 ಕೇಸು ಮಾಡದ ಆಸ್ಪತ್ರೆ ಈ ಆಪರೇಷನ್ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಅಂಥ ನಿಯಮ ಇಲ್ಲದ ಕಾರಣ ನೀವೇ ಫೋನ್ ಮಾಡಿ ಕೇಳಬೇಕಾಗುತ್ತದೆ: ಕಳೆದ ವರ್ಷ ಅನ್ನನಾಳ ಎಷ್ಟು ತೆಗೆದಿರಿ, ಎಷ್ಟು ಮಂದಿಗೆ ಲೀಕ್ ಆಯಿತು, 90 ದಿನದೊಳಗೆ ಎಷ್ಟು ಮಂದಿ ತೀರಿಕೊಂಡರು, ರಾತ್ರಿ ಎರಡು ಗಂಟೆಗೆ ಲೀಕ್ ಆದರೆ ಎಂಡೋಸ್ಕೋಪಿ ಮಾಡುವವರು ಯಾರು. ಸರಾಗವಾಗಿ ಉತ್ತರ ಹೇಳುವ ತಂಡ ತೆರೆದೇ ಮಾಡಿದರೂ ಚಿಂತೆಯಿಲ್ಲ.

ಮುಧೋಳ_ಕ್ಲಿನಿಕ್

ಬಹಳ ಉಪಕಾರವಾಯ್ತು. ಎರಡು ಉಪಪ್ರಶ್ನೆ. ಪುಣೆಯ ಬೀಗರು ರೋಬೋಟ್ ಅಂತ ಪಟ್ಟು ಹಿಡಿದಿದ್ದಾರೆ. ಮನೆಯಲ್ಲಿ ಇನ್ನೊಬ್ಬರು, ಈಗ ಊಟ ಇಳಿಯುತ್ತಿದೆಯಲ್ಲ, ಆಪರೇಷನ್ ಯಾಕೆ ಅಂತಾರೆ.

ಘಟಪ್ರಭಾ_ಆಂಕೋಸರ್ಜನ್ (ಬೆಳಗಾವಿ)

ರೋಬೋಟ್ ತೆರೆದ ಆಪರೇಷನ್‌ಗಿಂತ ಮೇಲು: ಡಚ್ ಟ್ರಯಲ್‌ನಲ್ಲಿ (112 ಮಂದಿ, 2019) ತೊಡಕುಗಳು 80ರಿಂದ 59%ಕ್ಕೆ ಇಳಿದವು. ಆದರೆ ಹೋಲಿಸಬೇಕಾದ್ದು ಸಾದಾ ದುರ್ಬೀನಿನ ಜೊತೆ. ಚೀನಾದಲ್ಲಿ 358 ಸ್ಕ್ವಾಮಸ್ ಪೇಶಂಟ್‌ಗಳಿಗೆ ಎರಡೂ ಬಗೆಯಲ್ಲಿ ಮೆಕ್ಯೂನ್ ಮಾಡಿ ನೋಡಿದಾಗ ರೋಬೋಟ್ ಸುಮಾರು 40 ನಿಮಿಷ ಬೇಗ ಮುಗಿಯಿತು, ತೊಡಕುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಡ ಧ್ವನಿನರದ ಇಕ್ಕಟ್ಟಿನಲ್ಲಿ ಮಣಿಕಟ್ಟಿನಂತೆ ತಿರುಗುವ ಉಪಕರಣ ಅನುಕೂಲ, ಅಷ್ಟು ಸತ್ಯ. ಅದಕ್ಕಾಗಿ ಸಾಲ ಮಾಡುವ ಅಗತ್ಯ ಇಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಸ್ಟೇಪ್ಲರ್ ಕಾರ್ಟ್ರಿಜ್, ರೋಬೋಟ್ ಸಾಮಾನು ಪ್ಯಾಕೇಜಿನೊಳಗೋ ಹೊರಗೋ ಎಂಬುದನ್ನು ಅಡ್ಮಿಷನ್‌ಗೆ ಮೊದಲೇ ಬರೆಸಿಕೊಳ್ಳಿ. ಮುಂಗಡ ರೆಫರಲ್ ಬೇಕೇ ಅನ್ನುವುದನ್ನೂ ಆರೋಗ್ಯಮಿತ್ರರ ಹತ್ತಿರ ಕೇಳಿ.

ಆಪರೇಷನ್ ಯಾಕೆ ಅನ್ನುವ ಪ್ರಶ್ನೆಯನ್ನು ಬೈದು ಕೂರಿಸಬೇಡಿ, ಅದು ಒಳ್ಳೆಯ ಪ್ರಶ್ನೆ. ಕ್ರಾಸ್ ಟ್ರಯಲ್‌ನಲ್ಲಿ ಇದೇ ಕೀಮೋ-ರೇಡಿಯೇಶನ್ ನಂತರ ತೆಗೆದ ಸ್ಕ್ವಾಮಸ್ ಗೆಡ್ಡೆಗಳಲ್ಲಿ 49%ರಲ್ಲಿ ಜೀವಂತ ಕ್ಯಾನ್ಸರ್ ಉಳಿದಿರಲೇ ಇಲ್ಲ. ಆದರೆ ಊಟ ಇಳಿಯುವುದು ಅದರ ಪುರಾವೆ ಅಲ್ಲ. ಸಾನೋ ಟ್ರಯಲ್‌ನಲ್ಲಿ ಎರಡು ಹಂತದ ಪರೀಕ್ಷೆ ಮಾಡಿ — ಒಂದೇ ಜಾಗದಲ್ಲಿ ಆಳಕ್ಕೆ ಮತ್ತೆ ಮತ್ತೆ ಕಚ್ಚಿದ ಬಯಾಪ್ಸಿ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಗ್ರಂಥಿಯ ಸೂಜಿಪರೀಕ್ಷೆ, ಪೆಟ್ — ಏನೂ ಸಿಗದವರನ್ನು ಮಾತ್ರ ಕಾದು ನೋಡಿದರು. ಎರಡು ವರ್ಷಕ್ಕೆ ಬದುಕುಳಿದವರು 74%, ನೇರ ಆಪರೇಷನ್ ಆದವರಲ್ಲಿ 71%. ಕಾದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಗೆಡ್ಡೆ ಅದೇ ಭಾಗದಲ್ಲಿ ಮತ್ತೆ ಕಾಣಿಸಿತು. ಹಾಗಾಗಿ ಮೊದಲ ವರ್ಷವಿಡೀ ಕೆಲವೇ ತಿಂಗಳಿಗೊಮ್ಮೆ ಈ ಪರೀಕ್ಷೆಗಳಿಗೆ ತಪ್ಪದೆ ಬರುವುದಾದರೆ ಮಾತ್ರ ಈ ದಾರಿ. ಬಿತ್ತನೆ ಮುಗಿಯಲಿ, ಜಾತ್ರೆ ಮುಗಿಯಲಿ ಎನ್ನುವ ಮನೆಯಾದರೆ ಆಪರೇಷನ್ನೇ ಸುರಕ್ಷಿತ.

ಡಯಟ್_ಬಾಗಲಕೋಟೆ

57ರಿಂದ 49, ಅಂದರೆ 14% ತೂಕ ಹೋಗಿದೆ. ಇದನ್ನು ಸರಿಪಡಿಸದೆ ಯಾವ ಪದ್ಧತಿ ಆರಿಸಿದರೂ ಲೀಕ್‌ಗೆ ದಾರಿ. ಈಗಿನಿಂದಲೇ ದಿನಕ್ಕೆ ಕೆಜಿಗೆ 30 ಕ್ಯಾಲೊರಿ, 1.5 ಗ್ರಾಂ ಪ್ರೋಟೀನ್ ಹಿಡಿಯಿರಿ: ಸುಮಾರು 1,500 ಕ್ಯಾಲೊರಿ, 70-75 ಗ್ರಾಂ ಪ್ರೋಟೀನ್. ಬರೀ ಅಂಬಲಿ, ಎಳನೀರಿನಲ್ಲಿ ಇದು ತುಂಬುವುದಿಲ್ಲ. ಹಾಲು, ಮೊಸರು, ಮೊಟ್ಟೆ, ತೆಳುವಾಗಿ ಅರೆದ ಬೇಳೆ, ಹಾಲಿಗೆ ಬೆರೆಸಿದ ಹಾಲಿನ ಪುಡಿ ಬೇಕು.

ಆಪರೇಷನ್‌ನಲ್ಲಿ ಸಣ್ಣ ಕರುಳಿಗೆ ಫೀಡಿಂಗ್ ಜೆಜುನೋಸ್ಟಮಿ ನಳಿಗೆ ಇಡುತ್ತಾರೆಯೇ ಕೇಳಿ. ಲೀಕ್ ಆಗಿ ಬಾಯಿ ಬಂದ್ ಆದರೆ ಅದೇ ಆಧಾರ. ಮರುದಿನ ಗಂಟೆಗೆ 20 ಮಿ.ಲೀ.ನಿಂದ ಶುರು, ತಡೆದುಕೊಂಡರೆ ದಿನಕ್ಕಿಷ್ಟು ಏರಿಸುವುದು. ಜಠರದ ಹಾಗೆ ಇದಕ್ಕೆ ಸಿರಿಂಜಿನಲ್ಲಿ ಒಮ್ಮೆಗೇ 200 ಮಿ.ಲೀ. ತಳ್ಳಿದರೆ ಹೊಟ್ಟೆನೋವು, ಭೇದಿ. ಫೀಡ್ ಮೊದಲು, ನಂತರ, ನಡುವೆ ನಾಲ್ಕು ತಾಸಿಗೊಮ್ಮೆ 30 ಮಿ.ಲೀ. ಉಗುರುಬೆಚ್ಚಗಿನ ನೀರು. ನಳಿಗೆ ಕಟ್ಟುವುದು ಹೆಚ್ಚಾಗಿ ಪುಡಿ ಮಾಡಿದ ಗುಳಿಗೆಯಿಂದ, ಸೋಸದ ರಾಗಿ ಗಂಜಿಯಿಂದ. ಔಷಧ ಸಿರಪ್ ರೂಪದಲ್ಲಿ ಬರೆಸಿಕೊಳ್ಳಿ. ಫೀಡ್ ಶುರುವಾದಮೇಲೆ ಎದೆಯ ಡ್ರೈನ್ ಹಾಲಿನಂತಾದರೆ ಕೂಡಲೇ ತಿಳಿಸಬೇಕು, ದುಗ್ಧರಸದ ನಾಳ ಸೋರುತ್ತಿರಬಹುದು.

ಬಾಯಿಂದ ಶುರುವಾದಮೇಲೆ ಆರರಿಂದ ಎಂಟು ಸಣ್ಣ ಊಟ. ನೀರು ಊಟದ ಜೊತೆ ಬೇಡ, ಅರ್ಧ ತಾಸು ಬಿಟ್ಟು. ಕಟಿ ರೊಟ್ಟಿ ಮೊದಲ ಮೂರು ತಿಂಗಳು ದೂರ. ಬಿಸಿ ರೊಟ್ಟಿಯೂ ಸಾರಿನಲ್ಲಿ ಕಿವುಚಿ. ಕರದಂಟು, ಕುಂದಾ, ಹೋಳಿಗೆ ಹಾಲು ನೋಡಲು ಬಂದವರು ಪ್ರೀತಿಯಿಂದ ತರುತ್ತಾರೆ, ತಿಂದ ಅರ್ಧ ತಾಸಿನಲ್ಲಿ ಬೆವರು, ಎದೆಬಡಿತ, ಭೇದಿ ಆದರೆ ಅದು ಡಂಪಿಂಗ್ (ಸಿಹಿ ಒಮ್ಮೆಗೇ ಕರುಳಿಗೆ ಇಳಿಯುವುದು). ಎರಡು-ಮೂರು ತಾಸಿನ ನಂತರ ಕೈಕಾಲು ನಡುಗಿದರೆ ಸಕ್ಕರೆ ಕುಸಿದಿರಬಹುದು, ಗ್ಲುಕೋಮೀಟರ್ ಚುಚ್ಚಿ ನೋಡಿ. ಊಟ ಆಗಿ ಎರಡು-ಮೂರು ತಾಸು ಅಡ್ಡಾಗಬಾರದು, ಮಂಚದ ತಲೆಭಾಗಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಬರೀ ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಇನ್ನೂ ಮೇಲೆ ಬರುತ್ತದೆ. ಬಿ12 ಪರೀಕ್ಷೆ ಆಗಾಗ ಇರಲಿ.

ಗೋಳಗುಮ್ಮಟ_ಅನಸ್ತೇಸಿಯಾ (ವಿಜಯಪುರ)

ಮುಧೋಳ ಡಾಕ್ಟರೇ, ಡಿಸ್ಚಾರ್ಜ್ ಆಗಿ ಊರಿಗೆ ಬಂದಮೇಲೆ ಮೊದಲು ನೋಡುವವರು ನೀವೇ. ನಾಡಿ 110 ದಾಟಿದೆ, ಉಸಿರು ಜೋರಾಗಿದೆ, ಕುತ್ತಿಗೆಯ ಗಾಯ ಕೆಂಪಾಗಿದೆ ಅಥವಾ ಮುಟ್ಟಿದರೆ ಚರ್ಮದಡಿ ಗಾಳಿಯ ಪಟಪಟ ಸಿಗುತ್ತದೆ ಅಂದರೆ ಆ್ಯಂಟಿಬಯೋಟಿಕ್ ಕೊಟ್ಟು ನಾಳೆಗೆ ಕರೆಯಬೇಡಿ. ಬಾಯಿಂದ ಎಲ್ಲ ಬಂದ್ ಮಾಡಿ ಆಪರೇಷನ್ ಆದ ದವಾಖಾನೆಗೇ ಕಳಿಸಿ. ಅಲ್ಲಿ ಬಾಯಿಂದ ಕಾಂಟ್ರಾಸ್ಟ್ ಕೊಟ್ಟು ಸಿಟಿ ಮತ್ತು ಎಂಡೋಸ್ಕೋಪಿ ಆಗಬೇಕು. ಬರೀ ಎಕ್ಸ್‌ರೇಯಲ್ಲಿ ಲೀಕ್ ತಪ್ಪಿಸಿಕೊಳ್ಳುತ್ತದೆ. ಧ್ವನಿ ಗೊಗ್ಗರಾಗಿ ನೀರು ಕುಡಿದಾಗ ಕೆಮ್ಮು ಬಂದರೆ ನುಂಗುವಿಕೆ ಪರೀಕ್ಷೆ ಆಗುವವರೆಗೆ ತೆಳು ದ್ರವ ನಿಲ್ಲಿಸಿ.

ಘಟಪ್ರಭಾ_ಆಂಕೋಸರ್ಜನ್ (ಬೆಳಗಾವಿ)

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುವೆ. ಎರಡು-ಮೂರು ತಿಂಗಳಿಗೆ ಮತ್ತೆ ನುಂಗಲು ತ್ರಾಸಾದರೆ ಮನೆಯವರು ಕ್ಯಾನ್ಸರ್ ಮರಳಿತು ಅಂತ ಕಂಗಾಲಾಗುತ್ತಾರೆ. ಆ ಹೊತ್ತಿಗೆ ಹೆಚ್ಚಾಗಿ ಅದು ಜೋಡಣೆ ಬಿಗಿಯಾಗಿರುವುದು, ಕುತ್ತಿಗೆಯ ಜೋಡಣೆಯಲ್ಲಿ, ಅದರಲ್ಲೂ ಲೀಕ್ ಆಗಿ ವಾಸಿಯಾದವರಲ್ಲಿ ಮಾಮೂಲು. ಎಂಡೋಸ್ಕೋಪಿಯಲ್ಲಿ ನೋಡಿ ಅನುಮಾನವಿದ್ದರೆ ಬಯಾಪ್ಸಿ ತೆಗೆದು ಹಿಗ್ಗಿಸುತ್ತಾರೆ, ಹಲವರಿಗೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗುತ್ತದೆ. ಆಪರೇಷನ್‌ನ ಪೆಥಾಲಜಿ ವರದಿ ಬಂದಾಗ ಇಲ್ಲಿ ಹಾಕಿ: ಮೇಲಂಚು, ಕೆಳಂಚು, ಸುತ್ತಂಚು, ಸಿಕ್ಕ ಗ್ರಂಥಿಗಳ ಸಂಖ್ಯೆ. ಕ್ಯಾನ್ಸರ್ ಉಳಿದಿತ್ತು ಎಂದು ಬಂದರೆ ಒಂದು ವರ್ಷದ ನಿವೊಲುಮ್ಯಾಬ್ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ತಿರುಗಿಸುವ ಔಷಧ) ಮಾತು ಏಳುತ್ತದೆ, ಅದರ ಖರ್ಚು ಆಪರೇಷನ್‌ನ ಖರ್ಚನ್ನೇ ಮೀರಬಹುದು.